ಆಪರೇಟರ್ ಅಪ್ಪಯ್ಯನೂ ಎರಡು ಬಿಳಿ ಬಣ್ಣವೂ!

ಈ ವಾರ ಯಾವ ನಾಯಕಿಯ ಮದುವೆ ಸುದ್ದಿಯೂ ಇಲ್ಲ, ಯಾವ ನಾಯಕನ ಸಂಭಾವನೆಯ ಗುಟ್ಟೂ ಇಲ್ಲ. ಬಸ್ಸು ಹೊರಡೋಕೆ ಇನ್ನೂ ಹತ್ತು ನಿಮಿಷ ಇದೆಯಲ್ಲಾ ಅಂತ ಈ ಪತ್ರಿಕೆ ಕೊಂಡ ಮಿತ್ರರು ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಇದು ಒಂದು ಕೋಣೆಯ ನಾಲ್ಕು ಗೋಡೆಗಳ ಕಥೆ. ಹೀರೋ ನಮ್ಮ ಅಪ್ಪಯ್ಯ, ವಯಸ್ಸು 78. ವಿಲನ್ ಎರಡು ಡಬ್ಬಿ ಬಿಳಿ ಬಣ್ಣ. ಫೈಟಿಂಗ್ ಇದೆ, ಸೆಂಟಿಮೆಂಟ್ ಇದೆ. ಹಾಡು ಮಾತ್ರ ಇಲ್ಲ.

ಅಪ್ಪಯ್ಯ ಯಾವತ್ತೂ ತೆರೆಯ ಮೇಲೆ ಬಂದವರಲ್ಲ. ತೆರೆಗೆ ಎದುರಾಗಿ, ಬಾಲ್ಕನಿಯ ಹಿಂದಿನ ಗೋಡೆಯ ಪುಟ್ಟ ಕಿಂಡಿಗಳ ಆಚೆ ನಿಂತು, ಸಾಗರದ ಒಂದು ಟಾಕೀಸಿನಲ್ಲಿ ಇಪ್ಪತ್ತೈದು ವರ್ಷ ಸಿನಿಮಾ 'ಬಿಟ್ಟವರು'. ನೀವು ಸಿಳ್ಳೆ ಹೊಡೆದದ್ದು ಅಣ್ಣಾವ್ರ ಎಂಟ್ರಿಗೆ. ಆ ಎಂಟ್ರಿ ಸರಿಯಾದ ಹೊತ್ತಿಗೆ, ಸರಿಯಾದ ಬೆಳಕಲ್ಲಿ ಬರುವ ಹಾಗೆ ನೋಡಿಕೊಂಡ ಆಪರೇಟರ್‌ಗೆ ಯಾರು ಸಿಳ್ಳೆ ಹೊಡೆದ್ರು? ರೀಲು ಕಟ್ಟಾದಾಗ ಮಾತ್ರ ಆ ಕಿಂಡಿಯ ಕಡೆ ತಿರುಗಿ ಏನೇನು ಕೂಗಿದ್ದೀರಿ ಅನ್ನೋದನ್ನು ಇಲ್ಲಿ ಬರೆಯೋ ಹಾಗಿಲ್ಲ!

ಇರಲಿ. ಕಳೆದ ವರ್ಷ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಹೊಸನಗರ ತಾಲೂಕಿನಲ್ಲಿ ನಮ್ಮ ಮನೆ. ಅಪ್ಪಯ್ಯನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿ ಮೂರು ವಾರವಾಗಿತ್ತು. ತೀರ್ಥಹಳ್ಳಿಯಲ್ಲಿ ಮಾಡಿಸಿದ್ದು. 'ಆಪರೇಟರಿಗೇ ಆಪರೇಷನ್ನು!' ಅಂತ ಊರವರ ಜೋಕು ಬೇರೆ. ಎಡಗಣ್ಣಿನ ಪೊರೆ ಇನ್ನೂ ಹಾಗೇ ಇತ್ತು. ಇದೇ ಹೊತ್ತಲ್ಲಿ ಅತ್ತಿಗೆ, "ಭಾವಯ್ಯನ ಕೋಣೆಗೆ ಬಣ್ಣ ಹೊಡೆಸಿ ಹತ್ತು ವರ್ಷ ಆಯ್ತು. ಮಳೆ ಹಿಡಿಯೋ ಮೊದಲು ಮಾಡ್ಸಿಬಿಡಿ. ಬಿಳಿ ಇರಲಿ. ಸುಮ್ನೆ ಬಣ್ಣಬಣ್ಣ ಬೇಡ" ಅಂದರು. (ನಮ್ಮ ಮನೆಯಲ್ಲಿ ಅತ್ತಿಗೆ ಮಾವನನ್ನು ಮದುವೆಗೆ ಮುಂಚಿನ ಸಂಬಂಧದಿಂದ ಹಾಗೇ ಕರೆಯೋದು. ಆ ಕಥೆ ಬಿಡಿ.)

ಬಿಳಿ ತಾನೇ? ಅದಕ್ಕೇನು ಮಹಾ ಅಂದುಕೊಂಡು ಸಾಗರದ ಬಸ್ಸು ಹತ್ತಿದೆ.

ಬಿಳಿಗೆ ಎಷ್ಟು ಮುಖ!

ಬಣ್ಣದಂಗಡಿಯವರು ಬೀಸಣಿಗೆ ಹಾಗೆ ಬಿಚ್ಚುವ ಕಾರ್ಡು ತಂದು ಮುಂದಿಟ್ಟರು. ನೋಡಿದರೆ ಬಿಳಿ ಒಂದರಲ್ಲೇ ಪಟ್ಟಿ ಪಟ್ಟಿ! ನನ್ನ ಮುಖ ನೋಡಿ ಅವರೇ ನಕ್ಕರು. "ಸಾರ್, ಡಬ್ಬಿಯಲ್ಲಿರೋದು ಬಿಳಿ ಬೇಸು. ನೀವು ನಂಬರ್ ಹೇಳಿದ್ರೆ ಈ ಮೆಷಿನ್ನು ಅದಕ್ಕೆ ಒಂದಿಷ್ಟು ಹಳದಿ, ಒಂದು ಚೂರು ಕಪ್ಪು ಬಿಡುತ್ತೆ. ಒಂದು ಬಿಳಿಗೂ ಇನ್ನೊಂದು ಬಿಳಿಗೂ ಇರೋ ವ್ಯತ್ಯಾಸ ಅಷ್ಟೇ."

ಆರಿಸಿ ಆರಿಸಿ ಕೊನೆಗೆ ಎರಡರಲ್ಲಿ ಬಂದು ನಿಂತೆ. ಒಂದರಲ್ಲಿ ಹಳದಿಯ ನೆರಳು. ಇನ್ನೊಂದರಲ್ಲಿ ಕಂಡೂ ಕಾಣದಷ್ಟು ನೀಲಿ-ಬೂದಿಯ ನೆರಳು. ಕಾರ್ಡಿನ ಇಂಗ್ಲಿಷ್ ಹೆಸರುಗಳು ಬಾಯಲ್ಲಿ ನಿಲ್ಲಲಿಲ್ಲ. ಮನೆಗೆ ಬಂದ ಮೇಲೆ ಅತ್ತಿಗೆ ಒಂದೇ ಏಟಿಗೆ ನಾಮಕರಣ ಮಾಡಿದರು: ಒಂದು ಬೆಣ್ಣೆ, ಇನ್ನೊಂದು ಮಜ್ಜಿಗೆ.

ಎರಡರದ್ದೂ ಸ್ಯಾಂಪಲ್ಲು ತಂದಿದ್ದೆ. ಕೋಣೆಯ ಹಳೇ ಗೋಡೆಯ ಮೇಲೆ ಒಂದರ ಪಕ್ಕ ಒಂದು, ಎರಡು ಮೊಳ ಅಗಲಕ್ಕೆ ಬಳಿದೆ. ಅಣ್ಣ ನೋಡಿದ, "ಎರಡೂ ಒಂದೇ" ಅಂದ. ತೋಟದ ಕೆಲಸಕ್ಕೆ ಬಂದವರು ನೋಡಿದರು, "ಒಂದೇ ಅಲ್ದಾ?" ಅಂದರು. ನಿಜ ಹೇಳಬೇಕೂಂದ್ರೆ, ಒಣಗಿದ ಮೇಲೆ ಯಾವುದು ಯಾವುದು ಅಂತ ನನಗೂ ಅನುಮಾನ ಬಂತು.

ಅಪ್ಪಯ್ಯ ಬಂದು ಬಾಗಿಲಲ್ಲಿ ನಿಂತರು. ಎಡಗೈಯಿಂದ ಎಡಗಣ್ಣು ಮುಚ್ಚಿಕೊಂಡರು. ಆಮೇಲೆ ಬಲಗೈಯಿಂದ ಬಲಗಣ್ಣು. ಮತ್ತೆ ಎಡ. ಮತ್ತೆ ಬಲ. ನಮಗೆ ನಗು.

"ನಗ್ಬೇಡಿ. ಈ ಕಣ್ಣಲ್ಲಿ ನೋಡಿದ್ರೆ ಇದು ಬೆಳ್ಳಗೆ, ಅದು ಹಳದಿ. ಎರಡು ಬಣ್ಣ. ಆ ಕಣ್ಣಲ್ಲಿ ನೋಡಿದ್ರೆ ಎರಡೂ ಒಂದೇ, ಎರಡೂ ಚಾ ಚೆಲ್ಲಿದ ಪಂಚೆ ಇದ್ದ ಹಾಗೆ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ನಾನು ಹೀಗೇ ನೋಡ್ತಿದ್ನಾ ಮಾರಾಯ?" ಅಂತ ಕೇಳಿದರು.

ಆಗ ಯಾರೂ ನಗಲಿಲ್ಲ.

ಎರಡು ಮೆಷಿನ್, ಒಂದು ತೆರೆ

ಇದು ಕಣ್ಣಿನ ಶಾಸ್ತ್ರದಲ್ಲಿ ಗೊತ್ತಿರುವ ಸಂಗತಿಯೇ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಹಳದಿಗೆ ತಿರುಗುತ್ತೆ. ಬೆಳಕಿನಲ್ಲಿರುವ ನೀಲಿಯನ್ನು ಒಳಗೆ ಬಿಡದೆ ತಡೆಯುತ್ತೆ. ಇಷ್ಟಿಷ್ಟೇ, ವರ್ಷಾನುಗಟ್ಟಲೆ ಆಗುವುದರಿಂದ ಆ ಮನುಷ್ಯನಿಗೆ ಗೊತ್ತೇ ಆಗೋದಿಲ್ಲ. ಆಪರೇಷನ್‌ನಲ್ಲಿ ಆ ಮಸೂರ ತೆಗೆದು ಪುಟ್ಟ ಪ್ಲಾಸ್ಟಿಕ್ ಲೆನ್ಸು ಕೂರಿಸಿದ ಕೂಡಲೇ ನೀಲಿ ಮತ್ತೆ ಒಳಗೆ ನುಗ್ಗುತ್ತೆ. ಫ್ರಾನ್ಸಿನ ದೊಡ್ಡ ಚಿತ್ರಕಾರ ಕ್ಲಾಡ್ ಮೊನೆಗೂ 1923ರಲ್ಲಿ ಬಲಗಣ್ಣಿನ ಪೊರೆಯನ್ನೇ ತೆಗೆದದ್ದು. ಬಣ್ಣಗಳು ಏರುಪೇರಾಗಿ ಕಾಣುತ್ತವೆ ಅಂತ ಆಮೇಲೆ ಬಹಳ ಒದ್ದಾಡಿದ. ಇನ್ನೊಂದು ಕಣ್ಣನ್ನು ಕೊನೆಗೂ ಮುಟ್ಟಗೊಡಲಿಲ್ಲ.

ಆದರೆ ನನ್ನ ಆಶ್ಚರ್ಯ ಅದಲ್ಲ. ಒಂದೊಂದೇ ಕಣ್ಣು ಮುಚ್ಚಿ ಪರೀಕ್ಷೆ ಮಾಡಬೇಕು ಅನ್ನೋದು ಅಪ್ಪಯ್ಯನಿಗೆ ಹೊಳೆದದ್ದು ಹೇಗೆ? ಕೇಳಿದೆ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತು ಕವಳ ಹಾಕುತ್ತಾ ಹೇಳಿದರು. ಅಭಿಮಾನಿ ಮಿತ್ರರೇ, ಇದನ್ನು ಗಮನ ಕೊಟ್ಟು ಓದಿ. ನಾವು ಐವತ್ತು ಸಲ ನೋಡಿದ ಸಿನಿಮಾಗಳಲ್ಲೂ ನೋಡದೇ ಬಿಟ್ಟ ವಿಷಯ ಇದು.

ಆಗ ಒಂದು ಸಿನಿಮಾ ಅಂದ್ರೆ ಹದಿನಾಲ್ಕು, ಹದಿನಾರು ರೀಲು. ಸಾವಿರ ಅಡಿಯ ಒಂದು ರೀಲು ಓಡೋದು ಹನ್ನೊಂದು ನಿಮಿಷ. ಎರಡನ್ನು ಸೇರಿಸಿ ಸುತ್ತಿದರೆ ಇಪ್ಪತ್ತೆರಡು. ಟೆಂಟಿನಲ್ಲಿ ಒಂದೇ ಮೆಷಿನ್ ಇದ್ದರೆ ರೀಲು ಮುಗಿದಾಗಲೆಲ್ಲ ಲೈಟ್ ಹಾಕಿ ಶೇಂಗಾ ಮಾರುತ್ತಿದ್ದರು. ಟಾಕೀಸಿನಲ್ಲಿ ಎರಡು ಮೆಷಿನ್. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಚಿತ್ರದ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತೆ. ಆಗ ಎರಡನೇ ಮೆಷಿನ್ ಚಾಲೂ ಮಾಡಬೇಕು. ಕೆಲವೇ ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆಗ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯಬೇಕು. ಇದೇ ಚೇಂಜ್‌ಓವರ್. ಕೆಳಗೆ ಕೂತವನಿಗೆ ಗೊತ್ತಾಗಬಾರದು.

"ಚುಕ್ಕೆ ನೋಡಿ ಕೈ ಆಡಿಸೋದು ಯಾರಿಗೂ ಬರುತ್ತೆ. ಕಷ್ಟ ಇದ್ದದ್ದು ಬೆಳಕಿನಲ್ಲಿ" ಅಂದರು ಅಪ್ಪಯ್ಯ.

ಆಗ ಈಗಿನ ಹಾಗೆ ಬಲ್ಬು ಇರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿ ಎದುರುಬದುರು ಇಟ್ಟು ಕರೆಂಟ್ ಹಾಯಿಸಿದರೆ ನಡುವೆ ಬೆಂಕಿಯ ಕಮಾನು ಹತ್ತಿಕೊಳ್ಳುತ್ತಿತ್ತು. ಬರಿಗಣ್ಣಲ್ಲಿ ನೋಡೋ ಹಾಗಿಲ್ಲ, ಕಪ್ಪು ಗಾಜು ಬೇಕು. ಕಡ್ಡಿ ಉರಿದು ಸವೆಯುತ್ತಾ ಹೋದ ಹಾಗೆ ಅಂತರ ಹೆಚ್ಚುತ್ತೆ. ಅಂತರ, ಕರೆಂಟು ಎರಡೂ ಹದವಾಗಿದ್ದರೆ ಬೆಳಕು ಬೆಳ್ಳಗೆ. ಹದ ತಪ್ಪಿದರೆ ಹಳದಿ, ಇಲ್ಲವೇ ನೀಲಿ. ಒಂದು ಮೆಷಿನ್ನಿನ ಬೆಳಕು ಹಳದಿಯಾಗಿ ಇನ್ನೊಂದರದ್ದು ಬೆಳ್ಳಗಿದ್ದರೆ ಏನಾಗುತ್ತೆ? ನಾಯಕಿ ಮಾತು ಶುರು ಮಾಡಿದಾಗ ಕೆನ್ನೆ ಒಂದು ಬಣ್ಣ, ಮಾತು ಮುಗಿಸುವಾಗ ಇನ್ನೊಂದು ಬಣ್ಣ! ಗಾಂಧಿ ಕ್ಲಾಸಿನವನಿಗೆ ಕಾರಣ ಗೊತ್ತಾಗಲ್ಲ, ಏನೋ ಸರಿಯಿಲ್ಲ ಅಂತ ಮಾತ್ರ ಅನ್ನಿಸುತ್ತೆ.

"ಅದಕ್ಕೇ ಬೆಳಗ್ಗೆ ಹಾಲು ಖಾಲಿ ಇರುವಾಗ ಫಿಲ್ಮ್ ಹಾಕದೆ ಬರೀ ಬೆಳಕು ಬಿಟ್ಟು ನೋಡ್ತಿದ್ದೆ. ಒಂದು ಮೆಷಿನ್, ಮುಚ್ಚು. ಇನ್ನೊಂದು, ಮುಚ್ಚು. ಎರಡನ್ನೂ ಒಟ್ಟಿಗೆ ಬಿಟ್ರೆ ಭೇದ ಗೊತ್ತಾಗಲ್ಲ. ಒಂದಾದ ಮೇಲೆ ಒಂದು ಬಿಡ್ಬೇಕು. ಕಣ್ಣೂ ಅಷ್ಟೇ ಅಲ್ವನಾ?"

ಈಗ ಹೇಳಿ, ಸಿಳ್ಳೆ ಹೊಡೀಬೇಕೋ ಬೇಡವೋ?

ಗೋಡೆಯೂ ಒಂದು ದೀಪ

ಅಪ್ಪಯ್ಯನ ಹೊಸ ಕಣ್ಣಿಗೆ ಮಜ್ಜಿಗೆಯೇ ಇಷ್ಟವಾಯಿತು. "ಹಿಂದೆ ಸುಣ್ಣಕ್ಕೆ ನೀಲಿ ಹಾಕ್ತಿದ್ವಲ್ಲ, ಅದೇ ಬಿಳಿ ಇದು" ಅಂದರು. ಮಾತು ಸರಿ. ಸುಣ್ಣ ಸ್ವಲ್ಪ ಹಳದಿ ಹೊಡೆಯುತ್ತೆ. ಬಟ್ಟೆಗೆ ಹಾಕುವ ನೀಲಿಯನ್ನೇ ಚಿಟಿಕೆ ಬೆರೆಸಿದರೆ ಆ ಹಳದಿ ಮುರಿದು ಗೋಡೆ ಥಳಥಳ. ನಾನು ಮರುದಿನವೇ ಸಾಗರಕ್ಕೆ ಹೋಗಿ ನಾಲ್ಕು ಲೀಟರ್ ಮಜ್ಜಿಗೆ ಮಾಡಿಸಿಕೊಂಡು ಬಂದೆ. ಒಮ್ಮೆ ಮೆಷಿನ್ನಿನಲ್ಲಿ ಬಣ್ಣ ಬೆರೆಸಿದ ಡಬ್ಬಿಯನ್ನು ವಾಪಸು ತಗೊಳ್ಳೋದಿಲ್ಲ ಅನ್ನೋದು ಆಗ ತಲೆಗೆ ಹೋಗಲಿಲ್ಲ. ಅವಸರದವರಿಗೆ ಬುದ್ಧಿ ಮಟ್ಟು!

ಪೇಂಟಿಂಗಿನವರು ಒಂದು ವಾರ ಬಿಟ್ಟು ಬರ್ತೀವಿ ಅಂದರು. ಆ ಒಂದು ವಾರವೇ ನನ್ನ ಕಣ್ಣು ತೆರೆಸಿದ್ದು. ಕೋಣೆಯಲ್ಲಿ ಮಲಗಿ ಆ ಎರಡು ಚೌಕಗಳನ್ನು ನೋಡುತ್ತಿದ್ದೆ. ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ. ನಮ್ಮ ಕಡೆಯ ಮನೆ ನೋಡಿದವರಿಗೆ ಗೊತ್ತು. ಮಳೆಗೆ ಹೆದರಿ ಸೂರನ್ನು ತಗ್ಗಿಸಿ ಇಳಿಸಿರುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಸುರಿಯುವ ಸೀಮೆ ಇದು. ಇರೋದೊಂದು ಕಿಟಕಿ. ಅದರಾಚೆ ಅಡಿಕೆ ತೋಟ. ಆಕಾಶದ ಬೆಳಕು ನೇರವಾಗಿ ಒಳಗೆ ಬರೋದೇ ಇಲ್ಲ. ತೋಟದ ಹಸಿರಿಗೆ ಬಡಿದು, ಹಸಿರನ್ನು ಮೈಗೆ ಬಳಿದುಕೊಂಡು ಬರುತ್ತೆ.

ಬೆಳಕು ಬಡಿದು ಬರೋದನ್ನೇ ಕಸುಬು ಮಾಡಿಕೊಂಡವರು ನಮ್ಮ ಕ್ಯಾಮೆರಾದವರು. ಸತ್ಯಜಿತ್ ರಾಯ್ ಅವರ 'ಅಪರಾಜಿತೊ' (1956) ಚಿತ್ರದಲ್ಲಿ ಸುಬ್ರತ ಮಿತ್ರ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಹಾಕಿ, ಮೇಲೆ ಬಿಳಿ ಬಟ್ಟೆ ಕಟ್ಟಿ, ದೀಪವನ್ನು ಅದಕ್ಕೆ ಬಡಿಸಿ ನಿಜವಾದ ಆಕಾಶದ ಬೆಳಕು ತರಿಸಿದರು. ನಮ್ಮ ಮೈಸೂರಿನ ವಿ.ಕೆ. ಮೂರ್ತಿ 'ಕಾಗಜ್ ಕೆ ಫೂಲ್' (1959) ಚಿತ್ರದ ಆ ಪ್ರಸಿದ್ಧ ಬೆಳಕಿನ ಕೋಲನ್ನು ಕನ್ನಡಿಯಿಂದ ಬಿಸಿಲು ತಿರುಗಿಸಿ ತಂದವರು. 2008ರ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಅಂದ್ರೆ ಏನಾಯ್ತು? ಗೋಡೆ ಸುಮ್ಮನೆ ನಿಂತಿರಲ್ಲ. ಅದೂ ಒಂದು ದೀಪ. ನಾಲ್ಕು ಗೋಡೆಗೂ ಒಂದೇ ಬಣ್ಣ ಹೊಡೆದರೆ ಒಂದು ಇನ್ನೊಂದಕ್ಕೆ ತನ್ನ ಬಣ್ಣ ಎರಚುತ್ತೆ. ಕಾರ್ಡಿನಲ್ಲಿ ಚಿಟಿಕೆಯಷ್ಟಿದ್ದ ನೆರಳು ಕೋಣೆಯಲ್ಲಿ, ಅದರಲ್ಲೂ ಮೂಲೆಗಳಲ್ಲಿ, ಹಿಡಿಯಷ್ಟಾಗುತ್ತೆ. ಕಾರ್ಡು ನೋಡಿ ಬಣ್ಣ ಆರಿಸೋದು, ಪೋಸ್ಟರ್ ನೋಡಿ ಪಿಕ್ಚರ್ ಚೆನ್ನಾಗಿದೆ ಅಂದ ಹಾಗೆ!

ಇನ್ನೊಂದು ತಪ್ಪು ಮಾಡಿದ್ದೆ. ಸಾಗರದ ಸುತ್ತ ದೀವರ ಮನೆಗಳಲ್ಲಿ ಹಸೆ ಚಿತ್ತಾರ ನೋಡಿದ್ದೀರಾ? ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಎಳೆದ ಸಣ್ಣ ಸಣ್ಣ ಗೆರೆ. ಆ ಬಿಳಿ ಕಣ್ಣಿಗೆ ಹೊಡೆಯುತ್ತೆ. ಅದೇ ಅಕ್ಕಿ ಹಿಟ್ಟನ್ನು ಕಾಗದದ ಮೇಲೆ ಬಳಿದು ನೋಡಿ, ಸಪ್ಪೆ! ಬಿಳಿ ಎಷ್ಟು ಬಿಳಿ ಅನ್ನೋದನ್ನು ಹೇಳೋದು ಪಕ್ಕದ ಬಣ್ಣ. ನಾನು ಎರಡು ಬಿಳಿಯನ್ನೂ ಹತ್ತು ವರ್ಷದ ಮಾಸಿದ ಗೋಡೆಯ ಮೇಲೆ ಬಳಿದಿದ್ದೆ. ಮಾಸಲಿನ ಪಕ್ಕದಲ್ಲಿ ಯಾವ ಬಿಳಿಯೂ ಹಾಲೇ. ಆಮೇಲೆ ಎರಡು ದಪ್ಪ ರಟ್ಟು ತಂದು, ಎರಡೆರಡು ಕೋಟ್ ಹೊಡೆದು, ಅಂಚಿಗೆ ಬಿಳಿ ಕಾಗದ ಅಂಟಿಸಿ, ಗೋಡೆಯಿಂದ ಗೋಡೆಗೆ ಸರಿಸುತ್ತಾ ಇಟ್ಟೆ. ಆಗ ಭೇದ ಎದ್ದು ಕಂಡಿತು. ಕಿಟಕಿ ಎದುರಿನ ಗೋಡೆಗೆ ಎರಡೂ ಪಾಸು. ಕಿಟಕಿ ಪಕ್ಕದ ಕತ್ತಲೆ ಗೋಡೆಯಲ್ಲಿ ಮಜ್ಜಿಗೆ ಬೂದಿಯಾಯಿತು. ಬೆಣ್ಣೆ ಉಳಿಯಿತು.

ಕಪ್ಪು-ಬಿಳುಪಿನ ಕಾಲವೇ ವಾಸಿ ಅನ್ನಿಸಿತು! ನಮ್ಮ ತೀರ್ಥಹಳ್ಳಿ ಸೀಮೆಯ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ತೆಗೆದುಕೊಳ್ಳಿ. ಎಸ್. ರಾಮಚಂದ್ರ ಅವರ ಛಾಯಾಗ್ರಹಣ. ಬಣ್ಣವೇ ಇಲ್ಲ. ಆ ಫಿಲ್ಮಿನಲ್ಲಿ ಕೆಂಪೂ ಹಸಿರೂ ಒಂದೇ ಬೂದಿಯಾಗಿ ಕೂರಬಹುದು. ಅಲ್ಲಿ ಬೇರೆ ಬೇರೆ ಬಣ್ಣ ಒಂದಾಗುವ ಕಾಟ, ನನಗೆ ಒಂದೇ ಬಣ್ಣ ಎರಡಾಗುವ ಕಾಟ.

"ಒಂದು ಕಣ್ಣು ಸಾಕು"

ಈ ನಡುವೆ ತೀರ್ಥಹಳ್ಳಿಗೆ ಚೆಕಪ್ಪಿಗೆ ಹೋಗಬೇಕಿತ್ತು. ಡಾಕ್ಟರು ಬಲಗಣ್ಣು ಚೆನ್ನಾಗಿದೆ ಅಂದರು. ಎಡಗಣ್ಣಿಗೆ ದಿನ ಗೊತ್ತು ಮಾಡೋಣವಾ ಅಂತ ಕೇಳಿದರು. ಅಪ್ಪಯ್ಯ ನೆಲ ನೋಡುತ್ತಾ, "ಬೇಡ ಡಾಕ್ಟ್ರೇ. ಒಂದು ಸಾಕು" ಅಂದುಬಿಟ್ಟರು.

ಹೊರಗೆ ಬಂದ ಮೇಲೆ ನಾನು ರೇಗಿದೆ. ಅವರೂ ರೇಗಿದರು. ಕೊನೆಗೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತು ನಿಜ ಹೇಳಿದರು: "ಒಂದು ಸರಿಯಾಗಿದೆ. ಇನ್ನೊಂದಕ್ಕೆ ಏನಾದ್ರೂ ಆದ್ರೆ? ಈಗ ಮಬ್ಬಾದ್ರೂ ಕಾಣ್ತದೆ. ನನ್ನ ಕೆಲಸ ಇದ್ದದ್ದೇ ಕಣ್ಣಲ್ಲಿ. ಕತ್ತಲೆ ಕೋಣೆಯಲ್ಲೇ ಜೀವಮಾನ ಕಳೆದವ್ನು ನಾನು. ಇನ್ನೊಂದು ಕತ್ತಲೆ ಬೇಡ."

ಅದಕ್ಕೆ ಏನು ಹೇಳೋದು? ಸಿನಿಮಾ ಡೈಲಾಗ್ ಬರೆಯುವವರ ಸ್ನೇಹ ನನಗೆ ಬೇಕಾದಷ್ಟಿದೆ. ಆ ಹೊತ್ತಿಗೆ ಒಂದು ಡೈಲಾಗೂ ಒದಗಲಿಲ್ಲ. ಬಸ್ಸು ಬಂತು, ಹತ್ತಿದೆವು. ಅರ್ಧ ದಾರಿಯಲ್ಲಿ ಸುಮ್ಮನಿರಲಾರದೆ ಕೇಳಿದೆ: "ಅಪ್ಪಯ್ಯ, ಒಂದು ಮೆಷಿನ್ನಿನ ಬೆಳಕು ಬೆಳ್ಳಗೆ, ಇನ್ನೊಂದರದ್ದು ಹಳದಿ. ಹಾಗೇ ಇಟ್ಕೊಂಡು ನೀವು ಶೋ ನಡೆಸ್ತಿದ್ರಾ?"

ಉತ್ತರ ಇಲ್ಲ. ಕಿಟಕಿಯಾಚೆ ನೋಡುತ್ತಾ ಕೂತರು. ಒಂದು ಸಲ ಎಡಗಣ್ಣು ಮುಚ್ಚಿದರು. ಒಂದು ಸಲ ಬಲಗಣ್ಣು. ಹೊಸನಗರದಲ್ಲಿ ಇಳಿಯುವಾಗ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಕಾರ್ಬನ್ ಬದಲಾಯಿಸದೆ ಮ್ಯಾಟಿನಿ ಬಿಟ್ಟವ್ನಲ್ಲ ನಾನು. ಫೋನ್ ಮಾಡಿ ದಿನ ಕೇಳು" ಅಂದರು.

ಪೇಂಟಿಂಗಿನವರಿಗೂ ಅದೇ ಫೋನಿನಲ್ಲಿ, ಈಗ ಬರಬೇಡಿ ಅಂದೆ. ಆರಿಸೋ ಕಣ್ಣು ಇನ್ನೂ ರೆಡಿಯಿಲ್ಲದ ಮೇಲೆ ಬಣ್ಣ ಹೊಡೆದು ಏನು ಪ್ರಯೋಜನ?

ಮಳೆಯ ಬೆಳಕಿನಲ್ಲಿ ತೀರ್ಪು

ಜೂನ್ ಎರಡನೇ ವಾರ ಎರಡನೇ ಆಪರೇಷನ್ ಆಯಿತು. ಎಲ್ಲ ಸುಸೂತ್ರ. ಹನಿ ಔಷಧಿ, ಕಪ್ಪು ಕನ್ನಡಕ, ತಲೆಗೆ ನೀರು ಹಾಕಬಾರದು, ಭಾರ ಎತ್ತಬಾರದು... ಅಷ್ಟು ಹೊತ್ತಿಗೆ ಮಳೆ ಹಿಡಿದಾಗಿತ್ತು. ನಮ್ಮ ಮಳೆಯ ಬೆಳಕು ಹೇಗಿರುತ್ತೆ ಅಂತ ನೋಡಬೇಕಾದರೆ ಕಾಸರವಳ್ಳಿಯವರ 'ದ್ವೀಪ' (2002) ನೋಡಿ. ಸಾಗರದ ನಾ. ಡಿಸೋಜರ ಕಥೆ. ಸೌಂದರ್ಯ ತಾವೇ ನಿರ್ಮಾಪಕಿಯಾಗಿ ನಾಯಕಿಯೂ ಆದ ಚಿತ್ರ. ಎಚ್.ಎಂ. ರಾಮಚಂದ್ರ ಅವರಿಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ಬಂದದ್ದು ಅದಕ್ಕೇ. ನೀರು, ಮೋಡ, ಹಸಿರು. ಎಲ್ಲದರ ಮೇಲೂ ತಣ್ಣನೆಯ ಒಂದು ಬೂದು.

ಜುಲೈಯಲ್ಲಿ ಮತ್ತೆ ಊರಿಗೆ ಹೋದಾಗ ಅಪ್ಪಯ್ಯ ರಟ್ಟುಗಳನ್ನು ತಾವೇ ಎತ್ತಿಕೊಂಡು ಕೋಣೆಗೆ ಹೋದರು. ಎರಡೂ ಕಣ್ಣಿಗೆ ಈಗ ಎರಡು ಬಣ್ಣವೂ ಬೇರೆ. ಬೆಳಗ್ಗೆ ಹತ್ತಕ್ಕೆ ನೋಡಿದರು. ಮಧ್ಯಾಹ್ನ ಮಳೆ ಜೋರಾದಾಗ ನೋಡಿದರು. ಸಂಜೆ ಏಳಕ್ಕೆ ದೀಪ ಹಾಕಿ ನೋಡಿದರು. ಮೂರು ಶೋ!

"ಮಜ್ಜಿಗೆ ಆಗಲ್ಲ. ಮಳೆಗಾಲದಲ್ಲಿ ಈ ಕೋಣೆಗೆ ಜ್ವರ ಬಂದ ಹಾಗೆ ಕಾಣ್ತದೆ. ಬೆಣ್ಣೆ ಹೊಡೆಸು. ಅವತ್ತು ಒಂದು ಕಣ್ಣು ಹೊಸತು ಬಂದಿತ್ತಲ್ಲ, ನೀಲಿ ಅಂದ್ರೆ ಸಾಕು, ಹುಚ್ಚು ಹಿಡಿದಿತ್ತು."

"ರಾತ್ರಿ ಬೆಣ್ಣೆಯೂ ಸಪ್ಪೆಯಾಗಿ ಕಾಣುತ್ತಲ್ಲ ಅಪ್ಪಯ್ಯ?"

"ಅದು ಗೋಡೆ ತಪ್ಪಲ್ಲ, ಬಲ್ಬಿನ ತಪ್ಪು."

ಬಲ್ಬು ಬಿಚ್ಚಿ ನೋಡಿದೆ. ಎಲ್‌ಇಡಿ, 6500 ಕೆಲ್ವಿನ್. ನಮ್ಮ ಟ್ಯೂಬ್‌ಲೈಟುಗಳ ಬಿಳಿಯೇ ಅದು, ನೀಲಿ ಹೆಚ್ಚು. ಹಿಂದಿನ ತಂತಿ ಬಲ್ಬಿನ ಬೆಳಕು ಸುಮಾರು 2700. ನಡುವಿನ 3000ದ್ದು ಒಂದು ತಂದು ಹಾಕಿದ ಕೂಡಲೇ ಬೆಣ್ಣೆ ಅರಳಿತು. ಮಿತ್ರರೇ, ನೀವೂ ರೂಮಿಗೆ ಬಣ್ಣ ಹೊಡೆಸೋರಿದ್ದರೆ, ಮದುವೆ ಗಟ್ಟಿಯಾಗಿದ್ದರೆ ಹೊಡೆಸಲೇಬೇಕಲ್ಲ, ಮೊದಲು ಬಲ್ಬು ಯಾವುದು ಅಂತ ತೀರ್ಮಾನ ಮಾಡಿ. ಆಮೇಲೆ ಡಬ್ಬಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಂದೇ ಥರ ಕಂಡ ಎರಡು ಬಣ್ಣ ಮನೆಯ ಬೆಳಕಿನಲ್ಲಿ ಜಗಳ ಆಡುವುದುಂಟು.

ಒದ್ದೆ ಗೋಡೆಗೆ ಬಣ್ಣ ನಿಲ್ಲಲ್ಲ. ಹಾಗಾಗಿ ದೀಪಾವಳಿ ಮುಂಚೆ, ಗೋಡೆ ಪೂರ್ತಿ ಒಣಗಿದ ಮೇಲೆ ಬೆಣ್ಣೆ ಹೊಡೆಸಿದೆವು. ಉಳಿದದ್ದು ನಾನು ಅವಸರದಲ್ಲಿ ತಂದ ನಾಲ್ಕು ಲೀಟರ್ ಮಜ್ಜಿಗೆ. ಅಣ್ಣ, "ಕೊಟ್ಟಿಗೆಗೆ ಹೊಡೆಸೋಣ" ಅಂದ.

"ಕೊಟ್ಟಿಗೆಗಲ್ಲ. ಅಂಗಳದ ಕಡೆಯ ಗೋಡೆಗೆ ಹೊಡೆಸು. ಅಗಲ ಹದಿನಾರು ಅಡಿ, ಎತ್ತರ ಒಂಬತ್ತು. ಸುತ್ತ ಒಂದು ಗೇಣು ಕಪ್ಪು ಅಂಚು" ಅಂದರು ಅಪ್ಪಯ್ಯ.

ತೆರೆ! ತೆರೆಗೆ ಬೆಣ್ಣೆ ಆಗಲ್ಲ. ಚಿತ್ರಕ್ಕೆಲ್ಲ ಹಳದಿ ಬಳಿದುಬಿಡುತ್ತೆ. ಅದಕ್ಕೆ ಮಜ್ಜಿಗೆಯೇ ಸರಿ. ಒಳಗಿನ ಬಣ್ಣ, ಹೊರಗಿನ ಗೋಡೆ. ಮುಂದಿನ ಮಳೆಗೆ ತೊಳೆದು ಹೋಗಬಹುದು ಅಂತ ಅಣ್ಣ ಗೊಣಗಿದ. ಹೋಗಲಿ, ಒಂದು ಸೀಸನ್ ಓಡಿದರೆ ಸಾಕು.

ಬಾಡಿಗೆಗೆ ಸಣ್ಣದೊಂದು ಪ್ರೊಜೆಕ್ಟರ್ ತಂದೆ. ಮೊದಲ ಶೋಗೆ ಯಾವುದು ಅಂತ ಕೇಳುವ ಪ್ರಶ್ನೆಯೇ ಇರಲಿಲ್ಲ: ಶಂಕರಣ್ಣನ 'ಮಾಲ್ಗುಡಿ ಡೇಸ್'. ಛಾಯಾಗ್ರಹಣ ಅದೇ ಎಸ್. ರಾಮಚಂದ್ರ. ಆಗುಂಬೆಯ ಬೀದಿ, ಆ ದೊಡ್ಡಮನೆ, ಮಾಲ್ಗುಡಿ ಸ್ಟೇಷನ್ ಆಗಿ ನಮ್ಮ ತಾಲೂಕಿನದೇ ಅರಸಾಳು. 1987ರಲ್ಲಿ ದೂರದರ್ಶನದಲ್ಲಿ ಬಂದಾಗ ಊರೆಲ್ಲ ಒಂದು ಟಿ.ವಿ. ಮುಂದೆ ಕೂತಿತ್ತು. 2020ರಲ್ಲಿ ಆ ಹಳೇ ಸ್ಟೇಷನ್ ಕಟ್ಟಡವನ್ನು ರೈಲ್ವೆಯವರು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಆ ಕಡೆ ಹೋದವರು ಇಳಿದು ನೋಡಿ ಬನ್ನಿ.

ಅಂಗಳದಲ್ಲಿ ಚಾಪೆ ಹಾಸಿ ಮಕ್ಕಳು, ಹಿಂದೆ ಕುರ್ಚಿ ಹಾಕಿ ದೊಡ್ಡವರು. ಅಪ್ಪಯ್ಯ ಮಾತ್ರ ಎಲ್ಲರಿಗಿಂತ ಹಿಂದೆ, ಪ್ರೊಜೆಕ್ಟರ್ ಇಟ್ಟ ಸ್ಟೂಲಿನ ಪಕ್ಕ ನಿಂತೇ ಇದ್ದರು. ಕೂರಿ ಅಂದರೆ ಕೂರಲಿಲ್ಲ. ಸ್ಟೇಷನ್ ಬಂತು, ಮಕ್ಕಳು "ಅರಸಾಳು! ಅರಸಾಳು!" ಅಂತ ಕೂಗಿದರು. ನಾನು ತಿರುಗಿ ನೋಡಿದೆ. ಅಪ್ಪಯ್ಯ ಕಣ್ಣು ಮುಚ್ಚಿರಲಿಲ್ಲ, ಎಡವೂ ಇಲ್ಲ, ಬಲವೂ ಇಲ್ಲ.

"ಫೋಕಸ್ ಸ್ವಲ್ಪ ತಪ್ಪಿದೆ ಮಾರಾಯ," ಅಂದರು, "ಬಲಮೂಲೆಯಲ್ಲಿ. ಎಂತ ನೋಡ್ತಿದ್ದೀಯಾ, ತಿರುಗ್ಸು!"